ಮಕ್ಕಳಿಗೆ ಆಂಟಿಬಯೋಟಿಕ್: ಯಾವಾಗ ಬೇಕು, ಹೇಗೆ ಕೊಡಬೇಕು, ಎಲ್ಲಿ ತಪ್ಪಾಗುತ್ತದೆ

ಮಳೆಗಾಲ ಶುರುವಾಗಿ ಶಾಲೆಗಳು ತೆರೆದವೆಂದರೆ ಮಕ್ಕಳಿರುವ ಮನೆಗಳಲ್ಲಿ ಜ್ವರ, ಕೆಮ್ಮು, ಗಂಟಲು ನೋವು ಒಂದರ ಹಿಂದೆ ಒಂದು ಬರುತ್ತವೆ. ಅನೇಕ ಮನೆಗಳ ಫ್ರಿಜ್ ಬಾಗಿಲಿನಲ್ಲಿ ಹಿಂದಿನ ಸಲ ತಂದ ಸಿರಪ್ ಅರ್ಧ ಬಾಟಲಿ ಉಳಿದಿರುತ್ತದೆ. "ಹೋದ ಸಲ ಇದನ್ನೇ ಕೊಟ್ಟಾಗ ವಾಸಿಯಾಗಿತ್ತು" ಎಂದು ಅದನ್ನೇ ಮತ್ತೆ ಕುಡಿಸುವವರಿದ್ದಾರೆ. ಅಣ್ಣನಿಗೆ ಬರೆದುಕೊಟ್ಟ ಔಷಧವನ್ನು ತಂಗಿಗೆ ಅರ್ಧ ಚಮಚ ಕೊಡುವವರೂ ಇದ್ದಾರೆ. ಮಗುವಿನ ಮೇಲಿನ ಪ್ರೀತಿಯಿಂದಲೇ ನಡೆಯುವ ಈ ಕೆಲಸ ಮಗುವಿಗೆ ಹಾನಿ ತರಬಹುದು.

ಆಂಟಿಬಯೋಟಿಕ್ ಎಂಬುದು ಆ ಮಗುವಿಗೆ, ಆ ದಿನದ ತೂಕಕ್ಕೆ, ಆ ಕಾಯಿಲೆಗೆ, ಇಷ್ಟೇ ದಿನಕ್ಕೆ ಎಂದು ಲೆಕ್ಕ ಹಾಕಿ ಬರೆದುಕೊಟ್ಟ ಔಷಧ. ಈ ನಾಲ್ಕರಲ್ಲಿ ಒಂದು ಬದಲಾದರೂ ಲೆಕ್ಕ ತಪ್ಪುತ್ತದೆ. ಇದೊಂದನ್ನು ಮನೆಯವರೆಲ್ಲ ನೆನಪಿಟ್ಟುಕೊಂಡರೆ ಉಳಿದ ಎಚ್ಚರಿಕೆಗಳು ಸುಲಭವಾಗಿ ಅರ್ಥವಾಗುತ್ತವೆ.

ಯಾವ ಕಾಯಿಲೆಗೆ ಬೇಕು, ಯಾವುದಕ್ಕೆ ಬೇಡ

ಮಕ್ಕಳಿಗೆ ಬರುವ ಸೋಂಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ವೈರಸ್‌ನಿಂದ ಬರುವುದು, ಇನ್ನೊಂದು ಬ್ಯಾಕ್ಟೀರಿಯಾದಿಂದ ಬರುವುದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ ಅಥವಾ ಅದರ ಬೆಳವಣಿಗೆ ತಡೆಯುತ್ತದೆ. ವೈರಸ್‌ನ ಮೇಲೆ ಅದರದು ಏನೂ ನಡೆಯುವುದಿಲ್ಲ.

ನೆಗಡಿ, ಫ್ಲೂ, ಹೆಚ್ಚಿನ ಕೆಮ್ಮು, ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುತ್ತವೆ. ಡೆಂಗ್ಯೂ ಮತ್ತು ಚಿಕುನ್‌ಗುನ್ಯ ಕೂಡ ವೈರಸ್ ಕಾಯಿಲೆಗಳೇ. ಚಿಕ್ಕ ಮಕ್ಕಳ ನೀರು ಭೇದಿ ಬಹುಪಾಲು ರೋಟಾವೈರಸ್‌ನಂತಹ ವೈರಸ್‌ಗಳಿಂದ ಬರುತ್ತದೆ. ಅದಕ್ಕೆ ಬೇಕಾದದ್ದು ಓ.ಆರ್.ಎಸ್. ದ್ರಾವಣ ಮತ್ತು ವೈದ್ಯರು ಹೇಳಿದಷ್ಟು ದಿನ ಜಿಂಕ್. ಭೇದಿಯಲ್ಲಿ ರಕ್ತ ಕಂಡರೆ ಮಾತ್ರ ವಿಷಯ ಬೇರೆ, ಆಗ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಟೈಫಾಯ್ಡ್, ಮೂತ್ರದ ಸೋಂಕು, ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾ, ಕೆಲವು ಬಗೆಯ ಕಿವಿ ಸೋಂಕು, ಚರ್ಮದ ಕೀವು ಹುಣ್ಣು, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಗಂಟಲು ಸೋಂಕು ಇವುಗಳಿಗೆ ಆಂಟಿಬಯೋಟಿಕ್ ಬೇಕಾಗುತ್ತದೆ. ಇಂಥ ಕಡೆ ಔಷಧ ಕೊಡದೆ ಕಷಾಯದಲ್ಲೇ ದಿನ ದೂಡುವುದೂ ಅಪಾಯ.

ಮೂಗಿನ ಸಿಂಬಳ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿತೆಂದರೆ ಆಂಟಿಬಯೋಟಿಕ್ ಬೇಕು ಎಂಬ ನಂಬಿಕೆ ಬಹಳ ಕಡೆ ಇದೆ. ಸಾಮಾನ್ಯ ನೆಗಡಿಯಲ್ಲೂ ಸಿಂಬಳದ ಬಣ್ಣ ಹೀಗೆ ಬದಲಾಗುತ್ತದೆ. ಜ್ವರ 102 ಡಿಗ್ರಿ ಇದೆ ಎಂಬುದೂ ಬ್ಯಾಕ್ಟೀರಿಯಾಕ್ಕೆ ಸಾಕ್ಷಿಯಲ್ಲ, ವೈರಸ್ ಜ್ವರವೂ ಅಷ್ಟೇ ಏರಬಲ್ಲದು. ಬಣ್ಣ ಮತ್ತು ಥರ್ಮಾಮೀಟರ್ ನೋಡಿ ಮನೆಯಲ್ಲಿ ತೀರ್ಮಾನ ಮಾಡಲಾಗದು. ಆ ಕೆಲಸ ಮಗುವನ್ನು ಪರೀಕ್ಷಿಸಿದ ವೈದ್ಯರದು.

ವೈದ್ಯರು ಔಷಧ ಬರೆಯದೆ "ಎರಡು ದಿನ ನೋಡೋಣ" ಎಂದರೆ ಅದೂ ಚಿಕಿತ್ಸೆಯೇ. "ಒಂದು ಸ್ಟ್ರಾಂಗ್ ಔಷಧ ಬರೆದುಬಿಡಿ ಡಾಕ್ಟ್ರೇ" ಎಂದು ಒತ್ತಾಯ ಮಾಡಬಾರದು. ಬದಲಿಗೆ, ಯಾವ ಲಕ್ಷಣ ಕಂಡರೆ ಮತ್ತೆ ಕರೆತರಬೇಕು ಎಂದು ಕೇಳಿಕೊಂಡು ಬರುವುದು ಜಾಣತನ.

ವೈದ್ಯರ ಬಳಿ ಮರೆಯದೆ ಹೇಳಬೇಕಾದದ್ದು

ಮಕ್ಕಳ ಡೋಸ್ ನಿರ್ಧಾರವಾಗುವುದು ಮುಖ್ಯವಾಗಿ ತೂಕದ ಮೇಲೆ. ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಒಬ್ಬನ ತೂಕ 12 ಕಿಲೋ, ಇನ್ನೊಬ್ಬನದು 17 ಕಿಲೋ ಇರಬಹುದು, ಇಬ್ಬರಿಗೂ ಒಂದೇ ಅಳತೆ ಸರಿಹೋಗುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಮಗುವನ್ನು ತೂಗಿಸಿ, ಆ ಸಂಖ್ಯೆಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಬೇಕು.

ಇನ್ನೂ ನಾಲ್ಕು ವಿಷಯ ತಪ್ಪದೆ ತಿಳಿಸಬೇಕು. ಹಿಂದೆ ಯಾವುದಾದರೂ ಔಷಧದಿಂದ ದದ್ದು, ಊತ, ಉಸಿರಾಟದ ತೊಂದರೆ ಆಗಿತ್ತೇ? ಮಗು ಈಗ ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದೆ? ಮೂತ್ರಪಿಂಡ, ಯಕೃತ್ತು, ಹೃದಯದ ಕಾಯಿಲೆ ಇದೆಯೇ? ಈ ಜ್ವರಕ್ಕೆ ಈಗಾಗಲೇ ಅಂಗಡಿಯಿಂದ ಏನಾದರೂ ತಂದು ಕೊಟ್ಟಾಗಿದೆಯೇ?

ಕೊನೆಯ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರ ಕೊಡಬೇಕು. ಟೈಫಾಯ್ಡ್ ಅನುಮಾನವಿದ್ದರೆ ರಕ್ತದ ಕಲ್ಚರ್, ಮೂತ್ರದ ಸೋಂಕಿನ ಅನುಮಾನವಿದ್ದರೆ ಮೂತ್ರದ ಕಲ್ಚರ್ ಮಾಡಿಸುತ್ತಾರೆ. ಅದಕ್ಕೆ ಮೊದಲೇ ಎರಡು ಡೋಸ್ ಆಂಟಿಬಯೋಟಿಕ್ ಹೊಟ್ಟೆಗೆ ಹೋಗಿದ್ದರೆ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು. ಕಾಯಿಲೆ ಇದ್ದರೂ ವರದಿಯಲ್ಲಿ ಕಾಣುವುದಿಲ್ಲ, ಸರಿಯಾದ ಔಷಧ ಆರಿಸಲು ವೈದ್ಯರಿಗೆ ದಾರಿ ಮುಚ್ಚಿಹೋಗುತ್ತದೆ.

ಬಾಟಲಿಯ ಮೇಲಿನ ಸಂಖ್ಯೆ ನೋಡಬೇಕು

ಒಂದೇ ಕಂಪನಿಯ, ಒಂದೇ ಹೆಸರಿನ ಸಿರಪ್ ಬೇರೆ ಬೇರೆ ಬಲದಲ್ಲಿ ಬರುತ್ತದೆ. ಉದಾಹರಣೆಗೆ ಅಮಾಕ್ಸಿಸಿಲಿನ್ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಇದೆ, 250 ಮಿ.ಗ್ರಾಂ ಇರುವುದೂ ಇದೆ. ವೈದ್ಯರು ಒಂದು ಹೊತ್ತಿಗೆ 250 ಮಿ.ಗ್ರಾಂ ಎಂದು ಲೆಕ್ಕ ಹಾಕಿದ್ದರೆ ಮೊದಲನೆಯದರಲ್ಲಿ 10 ಮಿ.ಲೀ., ಎರಡನೆಯದರಲ್ಲಿ 5 ಮಿ.ಲೀ. ಕೊಡಬೇಕಾಗುತ್ತದೆ. ಅಂಗಡಿಯಲ್ಲಿ ಬೇರೆ ಬಲದ ಬಾಟಲಿ ಸಿಕ್ಕಾಗ ಹಳೆಯ ಅಳತೆಯಲ್ಲೇ ಕುಡಿಸಿದರೆ ಡೋಸ್ ಅರ್ಧವಾಗುತ್ತದೆ ಇಲ್ಲವೇ ಇಮ್ಮಡಿಯಾಗುತ್ತದೆ.

ಹಸುಗೂಸುಗಳ ಡ್ರಾಪ್ಸ್ ಇನ್ನೂ ಗಟ್ಟಿ. ಕೆಲವು ಅಮಾಕ್ಸಿಸಿಲಿನ್ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಅಂದರೆ 1 ಮಿ.ಲೀ. ಡ್ರಾಪ್ಸ್, 125ರ ಸಿರಪ್‌ನ 4 ಮಿ.ಲೀ.ಗೆ ಸಮ. ಡ್ರಾಪ್ಸನ್ನು ಸಿರಪ್‌ನಂತೆ ಚಮಚದಲ್ಲಿ ಕೊಟ್ಟರೆ ಎಷ್ಟು ಹೆಚ್ಚಾಗುತ್ತದೆಂದು ಇದರಿಂದ ತಿಳಿಯುತ್ತದೆ.

ಅಳೆಯಲು ಅಡುಗೆಮನೆಯ ಚಮಚ ಬೇಡ. ಒಂದು ಮನೆಯ ಟೀ ಚಮಚ ಇನ್ನೊಂದು ಮನೆಯದರಷ್ಟಿರುವುದಿಲ್ಲ. ಬಾಟಲಿಯ ಜೊತೆ ಬರುವ ಗೆರೆ ಇರುವ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಬೇಕು. ಸಿರಿಂಜ್ ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಕೂಸಿಗೆ ಒಳಲೆಯಲ್ಲಿ ಕುಡಿಸುವ ರೂಢಿ ಇದ್ದರೆ ಮೊದಲು ಸಿರಿಂಜ್‌ನಲ್ಲಿ ಅಳೆದು ಆಮೇಲೆ ಒಳಲೆಗೆ ಹಾಕಬೇಕು. ಮಲಗಿಸಿ, ಮೂಗು ಹಿಡಿದು ಕುಡಿಸಿದರೆ ಔಷಧ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

ಚೀಟಿಯಲ್ಲಿ ಒ.ಡಿ. ಎಂದಿದ್ದರೆ ದಿನಕ್ಕೆ ಒಂದು ಸಲ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ. 1-0-1 ಎಂದರೆ ಬೆಳಿಗ್ಗೆ ಮತ್ತು ರಾತ್ರಿ. ಅಕ್ಷರ ಅರ್ಥವಾಗದಿದ್ದರೆ ಊಹಿಸದೆ ಅಂಗಡಿಯ ಫಾರ್ಮಸಿಸ್ಟ್ ಬಳಿ ಕೇಳಿ, ಬಾಟಲಿಯ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳಬೇಕು.

ಪುಡಿ ಸಿರಪ್ ಬೆರೆಸುವ ಕ್ರಮ

ಮಕ್ಕಳ ಆಂಟಿಬಯೋಟಿಕ್‌ಗಳಲ್ಲಿ ಅನೇಕವು ಬಾಟಲಿಯಲ್ಲಿ ಪುಡಿಯಾಗಿ ಬರುತ್ತವೆ. ನೀರು ಬೆರೆಸುವುದು ಮನೆಯವರ ಕೆಲಸ. ಇಲ್ಲಿ ಆಗುವ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಆದರೆ ಕೊನೆಯ ಡೋಸ್ ತನಕ ಮುಂದುವರಿಯುತ್ತದೆ.

ಮೊದಲು ಬಾಟಲಿಯನ್ನು ತಟ್ಟಿ, ತಳದಲ್ಲಿ ಗಟ್ಟಿಯಾದ ಪುಡಿಯನ್ನು ಸಡಿಲ ಮಾಡಬೇಕು. ಡಬ್ಬಿಯಲ್ಲಿ ಶುದ್ಧ ನೀರಿನ ಚಿಕ್ಕ ಬಾಟಲಿ ಕೊಟ್ಟಿದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಚೆನ್ನಾಗಿ ಕುದಿಸಿ ಪೂರ್ತಿ ಆರಿಸಿದ ನೀರು. ಕುಡಿಯಲು ಕಾಯಿಸಿದ ನೀರನ್ನೇ ಬಳಸುವ ಮನೆಗಳಲ್ಲಿ ಇದಕ್ಕೆ ಬೇರೆ ಏರ್ಪಾಡು ಬೇಡ, ಆದರೆ ನೀರು ಬೆಚ್ಚಗಿರಬಾರದು. ಬಿಸಿಗೆ ಔಷಧ ಕೆಡುತ್ತದೆ.

ಬಾಟಲಿಯ ಮೇಲೆ ಗೆರೆ ಅಥವಾ ಬಾಣದ ಗುರುತು ಇರುತ್ತದೆ. ಆ ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿ, ಮುಚ್ಚಿ, ಚೆನ್ನಾಗಿ ಅಲುಗಾಡಿಸಬೇಕು. ನೊರೆ ಇಳಿದ ಮೇಲೆ ಮಟ್ಟ ಕೆಳಗೆ ಬಂದಿರುತ್ತದೆ. ಆಗ ಗುರುತಿನ ತನಕ ಮತ್ತೆ ನೀರು ತುಂಬಿಸಿ ಇನ್ನೊಮ್ಮೆ ಅಲುಗಾಡಿಸಬೇಕು. ನೊರೆಯನ್ನೇ ಮಟ್ಟವೆಂದು ತಿಳಿದರೆ ಸಿರಪ್ ಗಟ್ಟಿಯಾಗಿ ಪ್ರತಿ ಡೋಸ್ ಹೆಚ್ಚಾಗುತ್ತದೆ, ಗುರುತು ಮೀರಿ ಹಾಕಿದರೆ ತೆಳುವಾಗಿ ಕಡಿಮೆಯಾಗುತ್ತದೆ.

ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಬೇಕು. ನೀರು ಬೆರೆಸಿದ ಮೇಲೆ ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಿಂಗಳಿಗೆ ಅರ್ಥವಿಲ್ಲ. ಕೆಲವು ಔಷಧ 7 ದಿನ, ಕೆಲವು 14 ದಿನ ಮಾತ್ರ ಬಾಳುತ್ತವೆ, ಲೇಬಲ್‌ನಲ್ಲಿ ಹೇಳಿರುತ್ತದೆ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲ ಸೇರಿದ ಸಿರಪ್ ಬೆರೆಸಿದ ಮೇಲೆ ಫ್ರಿಜ್‌ನಲ್ಲೇ ಇರಬೇಕು, ಆದರೆ ಫ್ರೀಜರ್‌ನಲ್ಲಿ ಅಲ್ಲ. ಪ್ರತಿ ಸಲ ಕೊಡುವ ಮುಂಚೆ ಬಾಟಲಿ ಅಲುಗಾಡಿಸಲೇಬೇಕು. ಇಲ್ಲವಾದರೆ ಮೊದಲ ದಿನಗಳಲ್ಲಿ ತಿಳಿ, ಕೊನೆಯ ದಿನಗಳಲ್ಲಿ ಗಷ್ಟು ಹೊಟ್ಟೆಗೆ ಹೋಗುತ್ತದೆ.

ಹೊತ್ತು, ಆಹಾರ ಮತ್ತು ಮನೆಯ ನಿಯಮ

ದಿನಕ್ಕೆ ಎರಡು ಸಲ ಎಂದರೆ ಸುಮಾರು 12 ಗಂಟೆಗೊಮ್ಮೆ, ಮೂರು ಸಲ ಎಂದರೆ ಸುಮಾರು 8 ಗಂಟೆಗೊಮ್ಮೆ. ಔಷಧದ ಪ್ರಮಾಣ ರಕ್ತದಲ್ಲಿ ಒಂದೇ ಸಮ ಉಳಿಯಲಿ ಎಂಬುದಕ್ಕೆ ಈ ಅಂತರ. ಸೂರ್ಯಾಸ್ತದ ನಂತರ ಆಹಾರ, ನೀರು ತೆಗೆದುಕೊಳ್ಳದ ಮನೆಗಳಲ್ಲಿ ಇದು ಪ್ರಶ್ನೆಯಾಗುತ್ತದೆ. ಅದನ್ನು ಮನೆಯಲ್ಲೇ ತೀರ್ಮಾನಿಸಿ ರಾತ್ರಿಯ ಡೋಸ್ ಬಿಟ್ಟುಬಿಡುವುದಕ್ಕಿಂತ ಚೀಟಿ ಬರೆಯುವಾಗಲೇ ವೈದ್ಯರಿಗೆ ಹೇಳುವುದು ಒಳ್ಳೆಯದು. ದಿನಕ್ಕೆ ಎರಡು ಸಲದ ಔಷಧವಾದರೆ ಬೆಳಿಗ್ಗೆ ಆರೂವರೆ ಮತ್ತು ಸಂಜೆ ಆರರ ಸುಮಾರಿಗೆ ಹೊಂದಿಸಬಹುದೇ ಎಂದು ಕೇಳಬಹುದು. ಅಜಿಥ್ರೊಮೈಸಿನ್‌ನಂತಹ ಕೆಲವು ಔಷಧಗಳು ದಿನಕ್ಕೆ ಒಂದೇ ಸಲ. ಆದರೆ ಕಾಯಿಲೆಗೆ ತಕ್ಕ ಔಷಧ ಮುಖ್ಯ, ಹೊತ್ತಿಗೆ ತಕ್ಕ ಔಷಧವಲ್ಲ. ರಾತ್ರಿ ಡೋಸ್ ಬೇಕೇ ಬೇಕು ಎಂದು ವೈದ್ಯರು ಹೇಳಿದರೆ ಕೊಡಲೇಬೇಕು. ಕಾಯಿಲೆ ಬಿದ್ದ ಮಗುವಿನ ಜೀವ ಕಾಯುವುದಕ್ಕಿಂತ ದೊಡ್ಡ ದಯೆ ಇಲ್ಲ.

ಕ್ಯಾಪ್ಸೂಲ್‌ನ ಹೊರಕವಚ ಹೆಚ್ಚಾಗಿ ಜೆಲಾಟಿನ್‌ನದು, ಅಂದರೆ ಪ್ರಾಣಿಮೂಲದ್ದು. ಮಕ್ಕಳ ಆಂಟಿಬಯೋಟಿಕ್‌ಗಳಲ್ಲಿ ಹೆಚ್ಚಿನವು ಸಿರಪ್ ಅಥವಾ ನೀರಿನಲ್ಲಿ ಕರಗುವ ಮಾತ್ರೆಯ ರೂಪದಲ್ಲೂ ಸಿಗುವುದರಿಂದ ಮೊದಲೇ ಕೇಳಿದರೆ ವೈದ್ಯರು ಅದನ್ನೇ ಬರೆದುಕೊಡಬಹುದು. ಕೇಳದೆ ಕ್ಯಾಪ್ಸೂಲ್ ಬಿಚ್ಚಿ ಪುಡಿ ಕೊಡುವುದು ಸರಿಯಲ್ಲ.

ಮಗು ಔಷಧದ ಕೋರ್ಸ್‌ನಲ್ಲಿರುವಾಗ ಪರ್ವದ ದಿನ ಬಂದರೂ ಉಪವಾಸ ಬೇಡ. ಜ್ವರದ ಮೈಗೆ ನೀರು, ಆಹಾರ ಬೇಕು. ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆಮ್ಲದಂತಹ ಔಷಧವನ್ನು ಊಟದ ಆರಂಭದಲ್ಲಿ ಕೊಟ್ಟರೆ ಹೊಟ್ಟೆ ಕೆಡುವುದು ಕಡಿಮೆ. ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಹಾಲು, ಮೊಸರಿನ ಜೊತೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಈ ಎರಡನ್ನೂ ಚಿಕ್ಕ ಮಕ್ಕಳಿಗೆ ವೈದ್ಯರು ವಿಶೇಷ ಕಾರಣವಿದ್ದರೆ ಮಾತ್ರ ಕೊಡುತ್ತಾರೆ. ದೊಡ್ಡವರ ಮಾತ್ರೆ ತುಂಡು ಮಾಡಿ ಮಗುವಿಗೆ ಕೊಡಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಕಹಿ ಎಂದು ಲೋಟದ ತುಂಬ ಹಾಲಿನಲ್ಲಿ ಔಷಧ ಬೆರೆಸಿದರೆ, ಮಗು ಅರ್ಧ ಬಿಟ್ಟಾಗ ಔಷಧವೂ ಅರ್ಧ ಉಳಿಯುತ್ತದೆ. ಔಷಧ ಕೊಟ್ಟ ಮೇಲೆ ಒಂದು ಚೂರು ಬೆಲ್ಲ ಅಥವಾ ಬಾಳೆಹಣ್ಣು ಕೊಡಬಹುದು. ಜೇನುತುಪ್ಪದಲ್ಲಿ ಕಲಸಿ ಕೊಡಲು ಯಾರಾದರೂ ಹೇಳಿದರೆ, ಒಂದು ವರ್ಷದೊಳಗಿನ ಕೂಸಿಗೆ ಜೇನು ಅಪಾಯಕಾರಿ ಎಂಬುದು ತಿಳಿದಿರಲಿ.

ಎಷ್ಟು ದಿನ ಕೊಡಬೇಕು

ಜ್ವರ ಇಳಿದ ಕೂಡಲೇ ಔಷಧ ನಿಲ್ಲಿಸುವುದು ಎಲ್ಲೆಡೆ ಕಾಣುವ ತಪ್ಪು. ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕಿನಲ್ಲಿ ಒಂದೆರಡು ದಿನದಲ್ಲೇ ಮಗು ಆಟಕ್ಕೆ ಓಡುತ್ತದೆ. ಆದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಟ್ಟರೆ ಸಾಮಾನ್ಯವಾಗಿ 10 ದಿನದ ಕೋರ್ಸ್ ಬರೆಯುತ್ತಾರೆ. ಈ ಸೋಂಕು ಸರಿಯಾಗಿ ಹೋಗದಿದ್ದರೆ ಕೆಲವು ಮಕ್ಕಳಿಗೆ ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳೇ ಹಾಳಾಗಬಹುದು. ಗಂಟಲು ನೋವಿನಲ್ಲಿ ಉಳಿಸಿದ ನಾಲ್ಕು ದಿನದ ಔಷಧ ಜೀವಮಾನದ ಹೃದಯ ರೋಗವಾಗಬಹುದು.

ಟೈಫಾಯ್ಡ್‌ನಲ್ಲಿ ಇದರ ತಿರುವುಮುರುವು. ಸರಿಯಾದ ಔಷಧ ಶುರುಮಾಡಿದ ಮೇಲೂ ಜ್ವರ ಇಳಿಯಲು ನಾಲ್ಕೈದು ದಿನ ಬೇಕಾಗಬಹುದು. ಎರಡನೇ ದಿನಕ್ಕೇ "ಗುಣ ಕಾಣಲಿಲ್ಲ" ಎಂದು ಡಾಕ್ಟರನ್ನೂ ಔಷಧವನ್ನೂ ಬದಲಿಸಿದರೆ ಯಾವುದೂ ನೆಟ್ಟಗೆ ಕೆಲಸ ಮಾಡುವುದಿಲ್ಲ. ಎಷ್ಟು ದಿನಕ್ಕೆ ಗುಣ ಕಾಣಬೇಕು ಎಂದು ಮೊದಲ ದಿನವೇ ಕೇಳಿಟ್ಟುಕೊಂಡರೆ ಈ ಗಾಬರಿ ಇರುವುದಿಲ್ಲ.

ಎಲ್ಲ ಸೋಂಕಿಗೂ ಉದ್ದ ಕೋರ್ಸ್ ಬೇಕು ಎಂದೇನೂ ಇಲ್ಲ. ಕೆಲವಕ್ಕೆ 3 ಅಥವಾ 5 ದಿನ ಸಾಕು. ಬರೆದಷ್ಟು ದಿನ ಕೊಡಬೇಕು, ತಾವಾಗಿ ಕಡಿಮೆಯೂ ಮಾಡಬಾರದು, "ಇರಲಿ" ಎಂದು ಹೆಚ್ಚಿಗೂ ಎಳೆಯಬಾರದು.

ಇಲ್ಲಿ ಒಂದು ಸಣ್ಣ ಲೆಕ್ಕ. 5 ಮಿ.ಲೀ. ದಿನಕ್ಕೆ ಎರಡು ಸಲ, 5 ದಿನ ಎಂದರೆ ಒಟ್ಟು 50 ಮಿ.ಲೀ. ಬೇಕು. 30 ಮಿ.ಲೀ. ಬಾಟಲಿ ಮೂರನೇ ದಿನಕ್ಕೆ ಮುಗಿಯುತ್ತದೆ. ಬಾಟಲಿ ಮುಗಿದದ್ದನ್ನೇ ಕೋರ್ಸ್ ಮುಗಿಯಿತೆಂದು ತಿಳಿಯುವ ಮನೆಗಳು ಬಹಳ. ಕೊಳ್ಳುವಾಗಲೇ ಈ ಲೆಕ್ಕ ಮಾಡಿ ಎರಡು ಬಾಟಲಿ ತರಬೇಕು. ಎರಡನೆಯದಕ್ಕೆ ಮೊದಲನೆಯದು ಮುಗಿದ ಮೇಲೆಯೇ ನೀರು ಬೆರೆಸಬೇಕು. ಕೋರ್ಸ್ ಮುಗಿದು ಅದರಲ್ಲಿ ಉಳಿದದ್ದನ್ನು ಇಟ್ಟುಕೊಳ್ಳಬಾರದು.

ಒಂದು ಡೋಸ್ ಮರೆತರೆ ನೆನಪಾದ ಕೂಡಲೇ ಕೊಡಬಹುದು. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಎಂದಿನಂತೆ ಮುಂದುವರಿಸಬೇಕು. ಎರಡನ್ನು ಒಟ್ಟಿಗೆ ಕೊಡಬಾರದು. ಕೊಟ್ಟ ಅರ್ಧ ಗಂಟೆಯೊಳಗೆ ಮಗು ವಾಂತಿ ಮಾಡಿದರೆ ಮತ್ತೆ ಕೊಡಬೇಕೇ ಎಂದು ವೈದ್ಯರನ್ನು ಫೋನಿನಲ್ಲಿ ಕೇಳಬೇಕು.

ಅಡ್ಡ ಪರಿಣಾಮ ಮತ್ತು ಅಪಾಯದ ಲಕ್ಷಣ

ಆಂಟಿಬಯೋಟಿಕ್ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ ಸ್ವಲ್ಪ ಭೇದಿ, ಹೊಟ್ಟೆ ತೊಳಸು ಸಾಮಾನ್ಯ. ಮಗು ನೀರು ಕುಡಿದು ಲವಲವಿಕೆಯಿಂದಿದ್ದರೆ ವೈದ್ಯರಿಗೆ ತಿಳಿಸಿ ಔಷಧ ಮುಂದುವರಿಸಬಹುದು. ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸ್ ಕೊಡುವ ಮುಂಚೆ ವೈದ್ಯರನ್ನು ಕೇಳಬೇಕು. ತುಟಿ, ಮುಖ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ, ಮಗು ಏಕಾಏಕಿ ಸುಸ್ತಾಗಿ ಬಿದ್ದರೆ ಅದು ತೀವ್ರ ಅಲರ್ಜಿ ಇರಬಹುದು. ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಅಂಥ ಔಷಧದ ಹೆಸರನ್ನು ಮಗುವಿನ ಲಸಿಕೆ ಕಾರ್ಡಿನ ಮೇಲೆ ಬರೆದಿಡಬೇಕು.

ಔಷಧ ಕೊಡುತ್ತಿದ್ದರೂ ಈ ಕೆಳಗಿನವು ಕಂಡರೆ ಅದೇ ದಿನ, ಅದೇ ಹೊತ್ತು ಆಸ್ಪತ್ರೆಗೆ ಹೋಗಬೇಕು:

– ಮೂರು ತಿಂಗಳೊಳಗಿನ ಕೂಸಿಗೆ ಯಾವುದೇ ಜ್ವರ
– ಹಾಲು, ನೀರು ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು
– ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕುತ್ತಿಗೆ ಬಿಗಿತ
– ಆರೇಳು ಗಂಟೆಯಿಂದ ಮೂತ್ರ ಹೋಗದಿರುವುದು
– ಒತ್ತಿದರೂ ಮಾಯವಾಗದ ಕೆಂಪು, ನೇರಳೆ ಚುಕ್ಕೆಗಳು
– ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋಗುವುದು, ಅಥವಾ ವೇಗದ ಉಸಿರಾಟ

ಉಸಿರಾಟವನ್ನು ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕೆಂಪು ಗೆರೆ ಮತ್ತು ಅಂಗಡಿಯ ನಿಯಮ

ಔಷಧದ ಪಟ್ಟಿ ಅಥವಾ ಡಬ್ಬಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ, ಕೊಳ್ಳಬಾರದ ಔಷಧ. ಈ ಗುರುತನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೆಂಪು ಗೆರೆ ಅಭಿಯಾನ ಆರಂಭಿಸಿತು. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1 ನಿಯಮದಂತೆ ಕೆಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟಿರಬೇಕು. ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟಾಗಬಾರದು, ಅವರು ಮಗುವಿಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಬೇಡದ ಕಡೆ ಬಳಸಿದಷ್ಟೂ, ಅರ್ಧಂಬರ್ಧ ಕೊಟ್ಟಷ್ಟೂ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತೆ ಬಲಿಯುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಕಡಿಮೆ ಡೋಸ್‌ನ ಈ ಅಪಾಯವನ್ನು ಎಚ್ಚರಿಸಿದ್ದರು. 2019ರಲ್ಲಿ ಹೀಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿದೆ. ಟೈಫಾಯ್ಡ್‌ಗೆ ಹಿಂದೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ನಮ್ಮ ದೇಶದಲ್ಲಿ ಈಗ ಬಹುಪಾಲು ನಾಟುವುದಿಲ್ಲ.

ಔಷಧದಾನ ಮಾಡುವವರ ಗಮನಕ್ಕೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಸಮಾಜದಲ್ಲಿ ದೊಡ್ಡ ಸ್ಥಾನವಿದೆ. ಮನೆಮನೆಯಿಂದ ಉಳಿದ ಔಷಧ ಸಂಗ್ರಹಿಸಿ ಬಡವರಿಗೆ ಹಂಚುವ ಉತ್ಸಾಹವೂ ಕೆಲವೆಡೆ ಕಾಣುತ್ತದೆ. ಉದ್ದೇಶ ಒಳ್ಳೆಯದು, ಆದರೆ ಆಂಟಿಬಯೋಟಿಕ್ ವಿಷಯದಲ್ಲಿ ಇದು ಬೇಡ. ನೀರು ಬೆರೆಸಿದ ಸಿರಪ್, ನಾಲ್ಕು ಮಾತ್ರೆ ಉಳಿದ ಪಟ್ಟಿ ಯಾರಿಗೂ ಪೂರ್ತಿ ಕೋರ್ಸ್ ಆಗುವುದಿಲ್ಲ. ಉಳಿದದ್ದನ್ನು ಸಿಂಕಿಗೆ, ಚರಂಡಿಗೆ ಸುರಿಯಬಾರದು. ಮೆಡಿಕಲ್ ಶಾಪ್‌ನವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಬಹುದು. ಇಲ್ಲವಾದರೆ ಮಣ್ಣು ಅಥವಾ ಬೂದಿಯಲ್ಲಿ ಕಲಸಿ, ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಮಕ್ಕಳು ಮತ್ತು ದನಕರುಗಳಿಗೆ ಸಿಗದಂತೆ ಕಸಕ್ಕೆ ಹಾಕಬೇಕು.

ಔಷಧದಾನಕ್ಕೆ ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಕೂಲಿ ಮಾಡುವ ಅನೇಕರು ದುಡ್ಡಿಲ್ಲದೆ ಎರಡು ದಿನದ ಔಷಧ ಕೊಂಡು ಮನೆಗೆ ಹೋಗುತ್ತಾರೆ. ಅಂಥ ಮಗುವಿನ ಚೀಟಿಯಲ್ಲಿ ಬರೆದ ಪೂರ್ತಿ ಕೋರ್ಸ್ ಕೊಡಿಸುವುದು ನಿಜವಾದ ಔಷಧದಾನ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧ ಬ್ರ್ಯಾಂಡ್ ಹೆಸರಿನದ್ದಕ್ಕಿಂತ ಬಹಳ ಕಡಿಮೆ ಬೆಲೆಗೆ ಸಿಗುವುದರಿಂದ ಒಬ್ಬರಿಗೆ ಕೊಡುವ ಹಣದಲ್ಲಿ ಇಬ್ಬರಿಗೆ ಕೊಡಿಸಬಹುದು. ಆರೋಗ್ಯ ಶಿಬಿರ ನಡೆಸುವ ಸಂಘಗಳು ಮಕ್ಕಳ ತೂಕದ ಯಂತ್ರ ಇಡುವುದು, ಸಿರಪ್ ಜೊತೆ ಅಳತೆಯ ಸಿರಿಂಜ್ ಕೊಡುವುದು, ಬಾಟಲಿಯ ಮೇಲೆ ಕನ್ನಡದಲ್ಲಿ ಡೋಸ್ ಬರೆದುಕೊಡುವುದು ಇಂಥ ಸಣ್ಣ ಕೆಲಸಗಳನ್ನೂ ಸೇರಿಸಿಕೊಳ್ಳಬಹುದು. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಈ ವಿಷಯದ ಜಾಗೃತಿ ಸಪ್ತಾಹ ನಡೆಯುತ್ತದೆ. ಪಾಠಶಾಲೆ, ಮಹಿಳಾ ಸಮಾಜ, ಯುವ ಸಂಘಗಳು ಆ ವಾರ ಒಬ್ಬ ಮಕ್ಕಳ ವೈದ್ಯರನ್ನು ಕರೆಸಿ ಒಂದು ಗಂಟೆ ಮಾತನಾಡಿಸಿದರೆ ನೂರಾರು ಮನೆಗಳಿಗೆ ಪ್ರಯೋಜನ.

ಸೋಂಕೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಲೇಸು. ಶೌಚದ ನಂತರ ಮತ್ತು ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು, ಕಾಯಿಸಿ ಆರಿಸಿದ ನೀರು, ಹೊತ್ತಿಗೆ ಸರಿಯಾಗಿ ನ್ಯುಮೊಕಾಕಲ್, ಟೈಫಾಯ್ಡ್ ಲಸಿಕೆ ಇವು ಅನೇಕ ಕೋರ್ಸ್‌ಗಳ ಅಗತ್ಯವನ್ನೇ ತಪ್ಪಿಸುತ್ತವೆ. ಇಂದು ಮನೆಯವರು ಮಾಡಬಹುದಾದ ಮೊದಲ ಕೆಲಸ, ಫ್ರಿಜ್ ಬಾಗಿಲು ತೆರೆದು ಹಳೆಯ ಸಿರಪ್ ಬಾಟಲಿಗಳನ್ನು ಹೊರತೆಗೆಯುವುದು.